ಮೊಣಕೈಲೆ ಎತ್ತಿದ ಫೋನು

ಎರಡನೇ ವರ್ಷದ ವೇಳಾಪಟ್ಟಿಯಲ್ಲಿ ‘ಡಿಸೈನ್ ಥಿಂಕಿಂಗ್’ ಎಂಬ ವಿಷಯ ಕಂಡಾಗ ನಾನು ಅದನ್ನು ಚಿತ್ರಕಲೆಯ ತರಗತಿ ಎಂದುಕೊಂಡೆ. ರಾಣೆಬೆನ್ನೂರಿನ ಪೇಟೆಯಲ್ಲಿ ಒಂದು ಡಬ್ಬಿ ಬಣ್ಣದ ಪೆನ್ಸಿಲ್ಲು ಕೊಂಡು, ಬೆಳಗಿನ ರೈಲಿಗೆ ಹಾವೇರಿಯ ಇಂಜಿನಿಯರಿಂಗ್ ಕಾಲೇಜಿಗೆ ಹೊರಟೆ. ತರಗತಿಗೆ ಬಂದ ಮೇಡಂ ವಯಸ್ಸಿನಲ್ಲಿ ನಮಗಿಂತ ಬಹಳ ದೊಡ್ಡವರಲ್ಲ. ನನ್ನ ಪೆನ್ಸಿಲ್ ಡಬ್ಬಿ ನೋಡಿ ನಕ್ಕರು.

“ಇರಲಿ, ಇಟ್ಟಿರು. ಆದರ ಈ ಕ್ಲಾಸಿನ್ಯಾಗ ಒಂದ ನಿಯಮ ಐತಿ. ಯಾರೂ ಉತ್ತರ ಮೊದಲ ಹೇಳಬಾರದು.”

ನನಗೆ ಕೈಕಾಲು ಕಟ್ಟಿ ಹಾಕಿದಂತಾಯಿತು. ಒಂದನೇ ಇಯತ್ತೆಯಿಂದಲೂ ಮಾಸ್ತರರ ಪ್ರಶ್ನೆ ಮುಗಿಯುವ ಮುಂಚೆ ಕೈ ಎತ್ತುವವಳು ನಾನು. ಮೇಡಂ ಹೇಳಿದ್ದು ಇಷ್ಟು: ಮೊದಲು ಜನರ ಹತ್ತಿರ ಹೋಗಿ ಕೂತು ನೋಡಬೇಕು; ಆಮೇಲೆ ಅವರ ನಿಜವಾದ ತೊಂದರೆ ಯಾವುದೆಂದು ಗುರುತಿಸಬೇಕು; ಆಮೇಲೆ ಹತ್ತಾರು ಉಪಾಯ ಹುಡುಕಿ, ಒಂದು ಕಚ್ಚಾ ಮಾದರಿ ಮಾಡಿ, ಅದನ್ನು ಅವರ ಕೈಗೇ ಕೊಟ್ಟು ನೋಡಬೇಕು. ಕೇಳಲು ಸುಲಭವಾಗಿತ್ತು.

ನಮ್ಮ ತಂಡದಲ್ಲಿ ಮೂವರು. ನಾನು, ಹಾಸ್ಟೆಲಿನಲ್ಲಿದ್ದ ಗುತ್ತಲದ ಗೆಳತಿ, ಮತ್ತೆ ಬ್ಯಾಡಗಿಯ ಒಬ್ಬ ಹುಡುಗ. ಗೆಳತಿಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಹುಡುಗನ ಅವ್ವ ಬ್ಯಾಡಗಿಯ ಒಂದು ಶೆಡ್ಡಿನಲ್ಲಿ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದರು. ಅದನ್ನು ಕೇಳಿದ್ದೇ ತಡ, ಕ್ಯಾಂಟೀನಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ನಾವು ಎಲ್ಲವನ್ನೂ ತೀರ್ಮಾನಿಸಿಬಿಟ್ಟೆವು. ತೊಟ್ಟು ಮುರಿಯುವ ಯಂತ್ರ! ನನ್ನ ಬಣ್ಣದ ಪೆನ್ಸಿಲ್ಲುಗಳು ಆಗ ಕೆಲಸಕ್ಕೆ ಬಂದವು. ಮೋಟರಿಗೆ ನೀಲಿ, ಪಟ್ಟಿಗೆ ಹಸಿರು, ಮೆಣಸಿನಕಾಯಿಗೆ ಎರಡು ತರದ ಕೆಂಪು.

ಮೇಡಂ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚಂದ ಐತಿ. ಯಾರನ್ನ ಕೇಳಿ ಮಾಡೀರಿ?”

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು.

ಮುಂದಿನ ಶನಿವಾರ ಬ್ಯಾಡಗಿಯಲ್ಲಿ ಇಳಿದೆವು. ದಿನಾ ಆ ನಿಲ್ದಾಣ ದಾಟಿ ಹೋಗುವವಳೇ ನಾನು. ಕಣ್ಣು ಮುಚ್ಚಿ ಕೂತಿದ್ದರೂ ಘಾಟಿನಿಂದಲೇ ಊರು ಬಂತೆಂದು ಗೊತ್ತಾಗುತ್ತಿತ್ತು. ಆದರೆ ಒಮ್ಮೆಯೂ ಇಳಿದವಳಲ್ಲ. ಶೆಡ್ಡಿನ ಬಾಗಿಲಲ್ಲಿ ಕಾಲಿಟ್ಟಿದ್ದೇ ನನಗೆ ಸೀನು ಶುರುವಾಯಿತು. ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ. ಕೆಂಪು ರಾಶಿಗಳ ಸುತ್ತ ಕೂತಿದ್ದ ಹೆಣ್ಣುಮಕ್ಕಳೆಲ್ಲ ಕೆಲಸ ಬಿಟ್ಟು ನಗತೊಡಗಿದರು.

“ಬಾ ಯವ್ವಾ, ಕುಂದರು. ಮೊದಲನೇ ದಿನ ಎಲ್ಲಾರ್ದೂ ಹಿಂಗ,” ಎಂದು ಹುಡುಗನ ಅವ್ವ ಬೆಲ್ಲ, ನೀರಿನ ಕಡೆ ಕೈ ತೋರಿಸಿದರು.

ಸೀನು ಇಳಿದ ಮೇಲೆ ನಾನು ಕೇಳಿದೆ, “ಕಾಕು, ಇಲ್ಲಿ ನಿಮಗ ಏನ್ ತ್ರಾಸ ಐತ್ರಿ?”

“ತ್ರಾಸ ಏನಿಲ್ಲ ಬಿಡು.”

“ಕೈ ಉರಿಯಂಗಿಲ್ಲೇನ್ರಿ?”

“ಉರೀತಾವ. ಎಣ್ಣಿ ಹಚ್ಚಿಕೊಂಡು ಕುಂದರ್ತೀವಿ.”

ಅಲ್ಲಿಗೆ ನಮ್ಮ ಪ್ರಶ್ನೆಗಳು ಮುಗಿದವು. ಏನು ಮಾಡುವುದು ತಿಳಿಯದೆ ನಾವೂ ರಾಶಿಯ ಪಕ್ಕ ಕೂತು ತೊಟ್ಟು ಮುರಿಯತೊಡಗಿದೆವು. ಯಾರೂ ಪ್ರಶ್ನೆ ಕೇಳದಿದ್ದಾಗ ಮಾತು ತಾನಾಗಿ ಹರಿಯಿತು. ಯಾರದೋ ಮದುವೆ, ಯಾರದೋ ಹಲ್ಲುನೋವು, ಹಿಂದಿನ ದಿನದ ಧಾರಾವಾಹಿ. ನಡುವೆ ಎಲ್ಲೋ ಒಂದು ಫೋನು ರಿಂಗಾಯಿತು. ಕಿಟಕಿಯ ಸರಳಿಗೆ ನೇತುಹಾಕಿದ ಕೈಚೀಲಗಳ ಸಾಲಿನಿಂದ ಸದ್ದು ಬರುತ್ತಿತ್ತು. ಎಲ್ಲರೂ ಆ ಕಡೆ ನೋಡಿದರು, ಒಬ್ಬರೂ ಏಳಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು.

“ಯಾಕ ಎತ್ತಲಿಲ್ರಿ?” ಎಂದೆ.

ಎದುರಿಗೆ ಕೂತಿದ್ದ ಹಿರಿಯ ಹೆಣ್ಣುಮಗಳು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಕೆಂಪು ಧೂಳು, ಎಣ್ಣೆಯಲ್ಲಿ ಕಲಸಿದಂತೆ ಹತ್ತಿತ್ತು. “ಈ ಕೈಲೆ ಹಿಡಿದ್ರ ಫೋನಿಗೆ ಖಾರ, ಫೋನಿನಿಂದ ಕಿವಿಗೆ ಖಾರ, ರಾತ್ರಿ ಅದನ್ನ ಮುಟ್ಟಿದ ಹುಡುಗರ ಕಣ್ಣಿಗೆ ಖಾರ. ಸಾಬಾನ ಹಚ್ಚಿ ತೊಳಕೊಂಡು ಬರೂದ್ರಾಗ ಅದು ನಿಂತಿರತೈತಿ.” ಆಮೇಲೆ ತಾವೇ ನಗುತ್ತಾ ಹೇಳಿದರು, “ನನ್ನ ಮಗಳು ಹಡದಾಗ ಅಳಿಯ ಹಿಂಗ ಫೋನ್ ಮಾಡೇ ಮಾಡ್ಯಾನ. ನಾ ಇಲ್ಲಿ ರಾಶಿ ಮುಂದ ಕುಂತೇನಿ. ಊರಿಗೆಲ್ಲ ಗೊತ್ತಾತು, ಅಜ್ಜಿ ಆದಾಕಿಗೆ ಗೊತ್ತಾಗಲಿಲ್ಲ!”

ಶೆಡ್ಡೆಲ್ಲ ನಕ್ಕಿತು. ಅವರೂ ನಕ್ಕರು. ಆದರೆ ನಗು ಮುಗಿದ ಮೇಲೆ ಅವರು ಒಂದು ಗಳಿಗೆ ಕಿಟಕಿಯ ಕಡೆ ನೋಡಿದ್ದನ್ನು ನಾನು ಕಂಡೆ. ನನ್ನ ಕಣ್ಣಲ್ಲಿ ನೀರು ಬಂತು. ಮರುಕದಿಂದಲ್ಲ, ಮೈಮರೆತು ಅದೇ ಕೈಯಿಂದ ಕಣ್ಣುಜ್ಜಿಕೊಂಡಿದ್ದೆ. ಗೆಳತಿ ನನ್ನನ್ನು ನಳದ ಹತ್ತಿರ ಎಳೆದುಕೊಂಡು ಓಡಿದಳು.

ಸೋಮವಾರ ಮೇಡಂ, “ತೊಂದರೆಯನ್ನ ಒಂದ ವಾಕ್ಯದಾಗ ಬರೀರಿ,” ಎಂದರು. ನಾನು ‘ಕೃಷಿ ಉತ್ಪನ್ನ ಸಂಸ್ಕರಣಾ ವಲಯದ ಮಹಿಳಾ ಕಾರ್ಮಿಕರ ಸಂವಹನ ಸಮಸ್ಯೆ’ ಎಂದು ಬರೆದೆ. ಅವರು ಓದಿ, “ಇದನ್ನ ಅವರಿಗೆ ಓದಿ ಹೇಳಿದರ ತಿಳೀತೈತೇನು?” ಎಂದು ಕೇಳಿದರು. ಕೊನೆಗೆ ಬರೆದವನು ಬ್ಯಾಡಗಿಯ ಹುಡುಗ: ‘ಕೈಯಾಗ ಖಾರ ಇದ್ದಾಗ ಮನಿಯವರು ಕರೆದರ ಓ ಅನ್ನಬೇಕು.’ ಮೇಡಂ ಅದನ್ನು ಫಲಕದ ಮೇಲೆ ಬರೆದು ಕೆಳಗೆ ಗೆರೆ ಎಳೆದರು.

ಉಪಾಯಗಳು ಒಂದಕ್ಕಿಂತ ಒಂದು ಮಜವಾಗಿದ್ದವು. ಕಾಲಿನ ಹೆಬ್ಬೆರಳಿಂದ ಒತ್ತುವ ಗುಂಡಿ. ಮೂಗಿನ ತುದಿಯಿಂದ ಎತ್ತುವ ಅಭ್ಯಾಸ. ಮೊದಲ ಮಾದರಿ, ತಲೆಗೆ ಕಟ್ಟುವ ರಬ್ಬರ್ ಪಟ್ಟಿ. ಅದರಲ್ಲಿ ಫೋನು ಕಿವಿಯ ಪಕ್ಕ ಸಿಕ್ಕಿಸುವುದು. ಹುಡುಗನ ಅವ್ವ ಮಗನ ಮೇಲಿನ ಮಮತೆಗೆ ಕಟ್ಟಿಕೊಂಡರು. ಬೆವರಿಗೆ ಪಟ್ಟಿ ಜಾರಿ ಫೋನು ಮೆಣಸಿನಕಾಯಿ ರಾಶಿಯೊಳಗೆ ಮುಳುಗಿತು. ಅದನ್ನು ಹುಡುಕುವಾಗ ನನಗೆ ಮತ್ತೆ ಸೀನು.

ಎರಡನೆಯದು ಗೆಳತಿ ಹೊಲಿದ ಬಟ್ಟೆಯ ಚೀಲ. ಮುಂದೆ ತೆಳ್ಳನೆ ಪಾರದರ್ಶಕ ಪ್ಲಾಸ್ಟಿಕ್ಕು, ಮೇಲೆ ಕಿಟಕಿಯ ಸರಳಿಗೆ ಕಟ್ಟುವ ದಾರ. ಫೋನು ರಿಂಗಾದರೆ ಮೊಣಕೈ ತಾಗಿಸಿದರಾಯಿತು. ಜಾರಿಸುವುದು ಮೊಣಕೈಗೆ ಬರುವುದಿಲ್ಲವೆಂದು, ಒಮ್ಮೆ ಮುಟ್ಟಿದರೆ ಸಾಕಾಗುವಂತೆ ಹುಡುಗ ಫೋನಿನ ಸೆಟ್ಟಿಂಗು ಬದಲಿಸಿದ. ಇನ್ನೊಮ್ಮೆ ಮೊಣಕೈ ಒತ್ತಿ ಸ್ಪೀಕರ್ ಹಚ್ಚಬೇಕು. ಶೆಡ್ಡಿಗೆ ಒಯ್ದು ಹಿರಿಯ ಹೆಣ್ಣುಮಗಳ ಫೋನನ್ನು ಅದರಲ್ಲಿ ಇಟ್ಟೆವು. ಎಲ್ಲರೂ ತೊಟ್ಟು ಮುರಿಯುತ್ತಾ ಕಾದೆವು. ಅಡುಗೆಯ ಹೊತ್ತಿಗೆ ಅದು ರಿಂಗಾಯಿತು. ಅವರು ಮೊಣಕೈ ಎತ್ತಿ ಒಮ್ಮೆ ತಾಗಿಸಿದರು, ಇನ್ನೊಮ್ಮೆ ತಾಗಿಸಿದರು.

“ಏ, ಉಪ್ಪಿನ ಡಬ್ಬಿ ಎಲ್ಲಿ ಇಟ್ಟೀದಿ?” ಎಂದು ಅವರ ಯಜಮಾನರ ಧ್ವನಿ ಶೆಡ್ಡಿನ ತುಂಬ ಮೊಳಗಿತು.

“ಒಲಿ ಹಿಂದ, ಗ್ವಾಡಿ ಮಾಡದಾಗ ಐತ್ರೀ!” ಎಂದು ಇವರು ಕೂಗಿದರು. ಪಕ್ಕದವರು, “ಸಾರಿಗೆ ಭಾಳ ಹಾಕಬ್ಯಾಡ್ರಿ ಕಾಕಾ!” ಎಂದರು. “ಅಲ್ಲೆ ಎಷ್ಟು ಮಂದಿ ಅದೀರಿ?” ಎಂದು ಯಜಮಾನರು ಅಂಜುತ್ತಾ ಕೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನಂತೂ ಗೆದ್ದೆವೆಂದೇ ತಿಳಿದೆ.

ಹೊರಡುವಾಗ, ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಗೆಳತಿಯನ್ನು ಬಾಗಿಲ ಮರೆಗೆ ಕರೆದಳು. “ಅಕ್ಕಾ, ನಮ್ಮವ್ವ ಫೋನ್ ಮಾಡಿದ್ರ ಮೊದಲ ಕೇಳೂದು, ‘ನಿಮ್ಮತ್ತಿ ಹೆಂಗ ನೋಡಿಕೋತಾಳ’ ಅಂತ. ನಮ್ಮತ್ತಿ ನನ್ನ ಮಗ್ಗಲದಾಗ ಕುಂತಿರತಾಳ!”

ನಿಲ್ದಾಣದಲ್ಲಿ ರೈಲು ಬರುವವರೆಗೆ ನಾವು ಅದನ್ನೇ ಮಾತಾಡಿದೆವು. ಉತ್ತರ ಸರಳವಾಗಿತ್ತು. ದಾರ ಮೇಲೆ ಕೆಳಗೆ ಸರಿಯುವಂತೆ ಮಾಡಿ, ಕೂತವರ ಕಿವಿಯ ಎತ್ತರಕ್ಕೆ ಚೀಲವನ್ನು ತಂದೆವು. ಮೊಣಕೈಲೆ ಎತ್ತುವುದು, ಗೋಡೆಗೆ ವಾಲಿ ಕಿವಿ ಹಚ್ಚುವುದು. ಸ್ಪೀಕರ್ ಬೇಕಾದವರಿಗೆ ಸ್ಪೀಕರ್. ಮುಂದಿನ ವಾರ ಆ ಹುಡುಗಿ ಗೋಡೆಗೆ ವಾಲಿ, ಅವ್ವನ ಜೊತೆ ಪಿಸುಪಿಸು ಮಾತಾಡಿ, ಮುಸಿಮುಸಿ ನಕ್ಕಳು. ಅವಳ ಅತ್ತೆ ಪಕ್ಕದಿಂದ, “ನನಗ ಬೈದಿಲ್ಲ ಹೌದಿಲ್ಲೋ?” ಎಂದು ಕೇಳಿ, ಎಲ್ಲರಿಗಿಂತ ಜೋರಾಗಿ ನಕ್ಕರು.

ಕಾಲೇಜಿನ ಪ್ರದರ್ಶನದ ದಿನ ಬೇರೆ ತಂಡಗಳ ಮೇಜುಗಳ ಮೇಲೆ ದೀಪಗಳು ಮಿನುಗುತ್ತಿದ್ದವು, ಚಕ್ರಗಳು ತಿರುಗುತ್ತಿದ್ದವು. ನಮ್ಮ ಮೇಜಿನ ಮೇಲೆ ಹೂವಿನ ಬಟ್ಟೆಯ ಒಂದು ಚೀಲ. ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದರಾಗ ಇಂಜಿನಿಯರಿಂಗ್ ಎಲ್ಲಿ ಐತಿ?”

ನನ್ನ ಬಾಯಿಗೆ ಉತ್ತರ ಬಂದಿತ್ತು. ನುಂಗಿಕೊಂಡೆ. “ಸರ್, ನಿಮ್ಮ ಫೋನ್ ಇದರಾಗ ಇಡ್ರಿ. ಕೈ ಎರಡೂ ಹಿಂದ ಕಟ್ಟಿಕೊಳ್ರಿ,” ಎಂದೆ. ನಂಬರು ಕೇಳಿಕೊಂಡು ಗೆಳತಿ ಫೋನ್ ಹಚ್ಚಿದಳು. ಅವರು ಮೊದಲು ಸಂಕೋಚಪಟ್ಟರು. ಅವರ ಫೋನು ಜಾರಿಸುವ ತರದ್ದು. ಮೊಣಕೈ ಜಾರಿ ಜಾರಿ ಎತ್ತಲಾಗಲಿಲ್ಲ. ಹುಡುಗ ಸೆಟ್ಟಿಂಗು ಬದಲಿಸಿಕೊಟ್ಟ. ಈ ಸಲ ಎತ್ತಲು ಬಂತು. ಸೂಟು ತೊಟ್ಟ ಆ ಮನುಷ್ಯ ಬಗ್ಗಿ, ಚೀಲಕ್ಕೆ ಕಿವಿ ಹಚ್ಚಿ, “ಹಲೋ?” ಎಂದಾಗ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಬಹುಮಾನ ದೀಪ ಮಿನುಗಿಸಿದ ತಂಡಕ್ಕೆ ಹೋಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ತಿನ್ನುವಷ್ಟರಲ್ಲಿ ಬೇಸರ ಇಳಿದಿತ್ತು.

ತಿಂಗಳ ನಂತರ ಶೆಡ್ಡಿಗೆ ಹೋದಾಗ ಕಿಟಕಿಯ ಸರಳುಗಳ ತುಂಬ ಚೀಲಗಳು ತೂಗಾಡುತ್ತಿದ್ದವು. ಒಂದೂ ನಾವು ಹೊಲಿದಂತೆ ಇರಲಿಲ್ಲ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು ಕತ್ತರಿಸಿ ಹಚ್ಚಿದ್ದರು, ಹಿಂದೆ ಎಲೆ ಅಡಿಕೆಗೆ ಒಂದು ಕಿಸೆ ಕೂಡಿಸಿದ್ದರು. ಗೆಳತಿ ತನ್ನ ಹೊಲಿಗೆ ಕೆಟ್ಟಿತೇನೋ ಎಂದು ಮುಖ ಸಣ್ಣ ಮಾಡಿದಳು. ಮೇಡಂಗೆ ಹೇಳಿದಾಗ ಅವರು, “ಬದಲ ಮಾಡ್ಯಾರ ಅಂದ್ರ ಅದು ಅವರದಾತು,” ಎಂದು ನಮಗೆ ಚಹಾ ಕೊಡಿಸಿದರು.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ಮೊನ್ನೆ ರಜೆಗೆ ರಾಣೆಬೆನ್ನೂರಿನ ನಮ್ಮ ಬೀಜದ ಅಂಗಡಿಯಲ್ಲಿ ಅಪ್ಪನ ಜೊತೆ ಕೂತಿದ್ದೆ. ಸಾಮಾನು ಇಡುವ ರೀತಿ ಬದಲಿಸಬೇಕೆಂದು ಮನಸ್ಸು ತುಡಿಯುತ್ತಿತ್ತು. ಆದರೂ ಏನೂ ಹೇಳದೆ, ರೈತರು ಬರುವುದು, ಪಾಕೀಟು ತಿರುಗಿಸಿ ನೋಡುವುದು, ಅಪ್ಪ ಏಣಿ ಹತ್ತಿ ಇಳಿಯುವುದು ಎಲ್ಲ ನೋಡುತ್ತಾ ಕೂತೆ. ಅಪ್ಪ ಒಂದೆರಡು ಸಲ ಓರೆಗಣ್ಣಿನಿಂದ ನೋಡಿದರು. ಆಮೇಲೆ ಫೋನು ತೆಗೆದು ಮೆಲ್ಲಗೆ ಅವ್ವನಿಗೆ ಹೇಳಿದರು:

“ಹುಡುಗಿ ಮುಂಜಾನಿಂದ ಏನೂ ಮಾತಾಡವಲ್ಲದು. ಆರಾಮ ಇಲ್ಲ ಕಾಣಸ್ತದ, ಒಂದಿಷ್ಟು ಕಷಾಯ ಮಾಡಿಡು.”