ಗಾಳಿ ಕುಡಿಯುವ ಪಂಪು

ನಮ್ಮ ಗದ್ದೆ ನಾಲೆಗಿಂತ ಎತ್ತರ. ಅದಕ್ಕೇ ಒಂದು ಡೀಸೆಲ್ ಪಂಪನ್ನು ಏರಿಗೆ ಹೊತ್ತುಕೊಂಡು ಹೋಗುತ್ತಿದ್ದೆವು. ಒಂದು ಕಡೆ ನಾನು, ಇನ್ನೊಂದು ಕಡೆ ಮೊಮ್ಮಗಳು. ಅವಳಪ್ಪ, ನನ್ನ ಮಗ, ಮಳವಳ್ಳಿಯಲ್ಲಿ ಬಸ್ಸು ಓಡಿಸುತ್ತಾನೆ. ಅವಳು ಬೆಳೆದದ್ದು ನನ್ನ ಹತ್ತಿರ. ಪೈಪಿನಲ್ಲಿ ಸಣ್ಣ ಸಂದಿಯಿದ್ದರೂ ಪಂಪು ಗಾಳಿ ಕುಡಿದು ಒಣ ಕೆಮ್ಮು ಕೆಮ್ಮುತ್ತದೆ. ಆಗ ನೀರಿಗೆ ಸಗಣಿ ಕದಡಿ ಪಂಪಿನ ಬಾಯಿಗೆ ಹುಯ್ಯುತ್ತೇವೆ. ಸಗಣಿ ಸಂದಿಗೆ ಕೂತು, ಪಂಪು ನೀರು ಹಿಡಿಯುತ್ತದೆ.

ಹುಡುಗಿ ಮಂಡ್ಯದಲ್ಲಿ ಓದಿ ಸಾಮಾನಿನ ಹಡಗಿನ ಇಂಜಿನ್ ಕೆಲಸಕ್ಕೆ ಸೇರಿದಳು. ಮೊದಲ ಸಲ ಬಂದಾಗ, "ಅಲ್ಲೂ ಹೊತ್ಕೊಂಡು ಓಗೋ ಪಂಪು ಅದೆ ಅಜ್ಜಿ. ಬೆಂಕಿ ಬಿದ್ರೆ ಸಮುದ್ರದ ನೀರು ಎಳ್ದು ಉಯ್ಯಕ್ಕೆ, ನೀರು ಒಳಕ್ಕೆ ನುಗ್ಗುದ್ರೆ ಆಚೆಗೆ ಎಸೆಯಕ್ಕೆ" ಅಂದಳು.

"ಸುತ್ತ ನೀರಿಟ್ಕೊಂಡು ಪಂಪು ಬೇರೆ ಕೇಡು! ಓಗೇ" ಅಂದೆ.

ಹೋದ ವರ್ಷ ಬೆಳಗ್ಗೆ ಹಸು ಕರೆಯುವ ಹೊತ್ತಿಗೆ ಫೋನು ಮಾಡಿದಳು.

"ಅಜ್ಜಿ, ಪಂಪು ಗಾಳಿ ಕುಡುದ್ರೆ ಏನ್ ಮಾಡ್ಬೇಕು?"

"ಮರ್ತೋಯ್ತಾ? ಸಗಣಿ ಉಯ್ಯಿ."

"ಇಲ್ಲಿ ಸಗಣಿ ಎಲ್ಲಿಂದ ತರ್ಲಿ?"

ನಕ್ಕಳು. ನಗು ಸರಿಯಿರಲಿಲ್ಲ. ಹಿಂದೆ ಇಂಜಿನ್ನಿನ ಸದ್ದು, ನಡುನಡುವೆ ಒಣ ಕೆಮ್ಮು. ಆ ಕೆಮ್ಮು ನನಗೆ ಗೊತ್ತು.

"ಲೇ, ಅಲ್ಲಿ ಯಾಕೆ ಪಂಪು ಓಡ್ತಾ ಅದೆ?"

ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಹತ್ತಲಿಲ್ಲ. ಮಗ ಕಂಪನಿಗೆ ಮಾಡಿದ. ಹಡಗು ತೊಂದರೆಯಲ್ಲಿದೆ, ಆಮೇಲೆ ತಿಳಿಸುತ್ತೇವೆ ಅಂದರಂತೆ. ಅವನು ಅತ್ತ. ನಾನು ಗದ್ದೆಗೆ ಹೋದೆ, ಪೈರು ಕೇಳುತ್ತದಾ? ಏರಿಯ ಮೇಲೇ ಇದ್ದ ಪಂಪು ಸ್ಟಾರ್ಟು ಮಾಡಿದೆ. ಕೆಮ್ಮಿತು. ಆರಿಸಿಬಿಟ್ಟೆ.

"ಯಾಕಮ್ಮೋ, ಪೈರು ಸಾಯ್ಸೀಯಾ?" ಅಂದ ಪಕ್ಕದ ಗದ್ದೆಯವನು.

"ಸಾಯ್ಲಿ ಬುಡು" ಅಂದೆ.

ಬದುಕಿದಳು ಅನ್ನುವ ಸುದ್ದಿ ಬಂದ ಮೇಲೇ ಗದ್ದೆಗೆ ನೀರು ಬಿಟ್ಟದ್ದು. ಅಷ್ಟರಲ್ಲಿ ಪೈರು ಅರ್ಧ ಒಣಗಿ ಕೆಂಪಗಾಗಿತ್ತು.

ಮನೆಗೆ ಬಂದಾಗ ಹೇಳಿದಳು. ತಳದಲ್ಲಿ ಪೈಪು ಒಡೆದು ಸಮುದ್ರ ಒಳಗೆ ನುಗ್ಗಿತ್ತಂತೆ. ಕರೆಂಟು ಹೋಗಿ ದೊಡ್ಡ ಪಂಪುಗಳು ನಿಂತು, ಹೊತ್ತೊಯ್ಯುವ ಪಂಪೊಂದೇ ಉಳಿದಿತ್ತಂತೆ. ಹಡಗು ವಾಲಿದಾಗೆಲ್ಲ ಪೈಪಿನ ಬಾಯಿ ನೀರಿಂದ ಮೇಲೆದ್ದು ಗಾಳಿ ಕುಡಿಯುತ್ತಿತ್ತಂತೆ. ಅದನ್ನು ಕೈಯಲ್ಲಿ ಅದುಮಿ ಹಿಡಿಯಬೇಕು, ಅಷ್ಟೇ. ಹಾಗೇ ಹಿಡಿದು ಹಡಗು ಉಳಿಸಿಕೊಂಡರಂತೆ. ನಡುವೆ ಹಡಗಿನ ಕ್ಯಾಪ್ಟನ್ನು ಒಬ್ಬೊಬ್ಬರ ಕೈಗೂ ಹಡಗಿನ ಫೋನು ಕೊಟ್ಟು, ಮನೆಗೆ ಮಾತಾಡಿ ಅಂದನಂತೆ.

"ಏನ್ ಮಾಡ್ಬೇಕು ಅಂತ ಗೊತ್ತಿತ್ತಲ್ಲ, ಮತ್ಯಾಕೆ ನನ್ ಕೇಳ್ದೆ?"

"ಮುಳುಗ್ತಾ ಇವ್ನಿ ಅಂತ ಏಳಕ್ಕಾಯ್ತದಾ? ಏನಾರ ಮಾತಾಡ್ಬೇಕಿತ್ತು."

ನಾನು ಸಗಣಿ ಉಯ್ಯಿ ಅಂದಿದ್ದೆ.

ಈಗ ಮತ್ತೆ ಹೋಗುತ್ತಾಳಂತೆ. ಮಗ ನನ್ನ ಮುಖ ನೋಡಿದ, ಬೇಡ ಅನ್ನಲಿ ಅಂತ. ನಾನು ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

"ಇನ್ನೊಂದ್ ಸಲ ಅಂಗಾದ್ರೆ ನಿಜ ಏಳು. ಪಂಪಿನ ಮಾತು ಬ್ಯಾಡ" ಅಂದೆ.

ಗದ್ದೆಗೆ ನೀರು ಬಿಡುವ ಹೊತ್ತಾಗಿತ್ತು. ಅವಳು ಪಂಪಿನ ಆ ಕಡೆ ಬಗ್ಗಿ ಹಿಡಿದು, "ಎತ್ತು ಅಜ್ಜಿ" ಅಂದಳು.