ಸೀಗೇಪುಡಿಯಲ್ಲಿ ಮಿಂದ ಇಂಜಿನ್

ಸೀಗೇಪುಡಿಯ ವಾಸನೆ ಬಂದರೆ ನಿಮಗೆ ಹಬ್ಬದ ಎಣ್ಣೆಸ್ನಾನ ನೆನಪಾಗಬಹುದು. ನನಗೆ ಲಾರಿ ಇಂಜಿನ್ ನೆನಪಾಗುತ್ತದೆ. ಮೊನ್ನೆ ಹಲಸೂರಿನ ಗ್ರಂಧಿಗೆ ಅಂಗಡಿಯವನು ಸೀಗೇಪುಡಿಯ ಚೀಲ ಬಿಚ್ಚುತ್ತಿದ್ದ ಹೊತ್ತಿಗೇ ಪಕ್ಕದಲ್ಲೊಂದು ಲಾರಿ ಹೊಗೆ ಬಿಟ್ಟುಕೊಂಡು ಹೋಯಿತು. ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಗರುಡಾಚಾರ್‌ಪಾಳ್ಯದ ನಮ್ಮ ಮನೆ, ಅದರ ಪಕ್ಕದ ದನದ ಕೊಟ್ಟಿಗೆ, ಈಗ ಅಲ್ಲಿ ಹುಡುಕಿದರೂ ಸಿಗದ ಎರಡೂ, ಕಣ್ಣೆದುರು ಬಂದು ನಿಂತವು.

ತೊಂಬತ್ತರ ದಶಕದ ಕೊನೆಯಿರಬೇಕು. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಅಪ್ಪ ಕೊಂಡಿದ್ದ ಹಳೆಯ ಲಾರಿ ಇಟ್ಟಿಗೆ ಹೊತ್ತು ಕೆ.ಆರ್. ಪುರದ ಏರು ಹತ್ತುವಾಗ ಕಟಕಟ ಬಡಿದು ನಿಂತುಬಿಟ್ಟಿತು. ಅದು ಮತ್ತೆ ಓಡದಿದ್ದರೆ ಅಪ್ಪ ಬೊಂಬಾಯಿ ಲೈನಿನಲ್ಲಿ ಬೇರೆಯವರ ಲಾರಿಗೆ ಡ್ರೈವರಾಗಿ ಹೋಗಬೇಕಿತ್ತು. ಮನೆಗೆ ಬರುವುದು ಯಾವಾಗಲೋ. ಆ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಶಿವಾಜಿನಗರದ ಮೆಕ್ಯಾನಿಕ್, ಅಪ್ಪನ ಗೆಳೆಯ ಸತ್ತಾರ್ ಭಾಯ್ ಬಂದು ಇಂಜಿನ್ ಇಳಿಸಿ, ಖಾಲಿಯಾಗಿದ್ದ ಕೊಟ್ಟಿಗೆಯಲ್ಲಿ ಬಿಚ್ಚಿದರು. ಇಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಕ್ರ್ಯಾಂಕನ್ನು ಹಿಡಿದಿಡುವ ಕಬ್ಬಿಣದ ಮುಚ್ಚಳಗಳು ನೋಡಲು ಒಂದೇ ಥರ. ಆದರೆ ಎಲ್ಲಿ ಬಿಚ್ಚಿದ್ದೋ ಅಲ್ಲೇ ಕೂರಬೇಕು, ಅದಲುಬದಲಾದರೆ ಕ್ರ್ಯಾಂಕ್ ತಿರುಗದೆ ಹಿಡಿದುಕೊಳ್ಳುತ್ತದೆ. ಅಪ್ಪ ಅವನ್ನು ಒರೆಸಿ, ಸೀಮೆಸುಣ್ಣದಲ್ಲಿ ನಂಬರು ಬರೆದು ಗೋಣಿತಾಟಿನ ಮೇಲೆ ಸಾಲಾಗಿಟ್ಟ. ಆಮೇಲೆ ಇಬ್ಬರೂ ಕ್ರ್ಯಾಂಕ್ ಸಾಣೆ ಹಿಡಿಸಲು ಶಿವಾಜಿನಗರಕ್ಕೆ ಹೋದರು.

ವಾಪಸು ಬಂದಾಗ ಮುಚ್ಚಳಗಳು ತಳತಳ ಹೊಳೆಯುತ್ತಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ. ಅಪ್ಪನ ತಾಯಿ, ನಮ್ಮಜ್ಜಿ, ಅವನ್ನೆಲ್ಲ ಸೀಗೇಪುಡಿ ಹಾಕಿ ತೊಳೆದಿದ್ದಳು.

"ಅಮ್ಮಾ, ಇದ್ರ ಮೇಲೆ ನಂಬರಿತ್ತಲ್ಲ?"

"ಏನೋ ಸುಣ್ಣ ಮೆತ್ಕೊಂಡಿತ್ತು, ಉಜ್ಜಿಬಿಟ್ಟೆ. ನಾಳೆ ಆಯುಧಪೂಜೆ ಕಣೋ. ಕಬ್ಬಿಣಾನ ಹಂಗೇ ಕೊಳಕಾಗಿ ಪೂಜೆಗೆ ಕೂರ್ಸಕ್ಕಾಗ್ತದಾ?"

ಸತ್ತಾರ್ ಭಾಯ್ ತಲೆ ಮೇಲೆ ಕೈಯಿಟ್ಟುಕೊಂಡು ನಕ್ಕರು. "ಸ್ನಾನ ಆಯ್ತು, ಹೂವಾ ಮುಡಿಸಿದ್ದಾಯ್ತು. ಇನ್ನೇನಮ್ಮಾ, ಹೆಣ್ಣು ನೋಡೋಕೆ ಯಾರ್ ಬರ್ತಾರೆ?"

ಆದದ್ದೇನೆಂದು ತಿಳಿದ ಮೇಲೆ ಅಜ್ಜಿ, "ನನ್ ಕೈಗಿಷ್ಟು ಬೆಂಕಿ ಹಾಕ" ಎಂದು ಕಂಬಕ್ಕೊರಗಿ ಕೂತುಬಿಟ್ಟಳು. ಅಪ್ಪ ಎಲ್ಲವನ್ನೂ ಡೀಸೆಲಿನಲ್ಲಿ ಮತ್ತೆ ತೊಳೆದ. ಮಾರನೆಯ ದಿನ, ಊರೆಲ್ಲ ಕುಂಬಳಕಾಯಿ ಒಡೆಯುತ್ತಿರುವಾಗ, ಅವರಿಬ್ಬರೂ ಒಂದೊಂದೇ ಮುಚ್ಚಳ ಕೂರಿಸಿ, ಬಿಗಿದು, ತಿರುಗಿಸಿ ನೋಡಿ, ಹಿಡಿದರೆ ಬಿಚ್ಚಿ ಇನ್ನೊಂದನ್ನು ಕೂರಿಸುತ್ತಿದ್ದರು. ಬಡಿಸಿದ ಹಬ್ಬದೂಟ ಆರಿ ತಣ್ಣಗಾಯಿತು. ಕೊನೆಗೊಮ್ಮೆ ಅಪ್ಪ ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ತಿರುಗಿಸಿದ, ಎಲ್ಲೂ ಹಿಡಿಯಲಿಲ್ಲ. ಖುಷಿ ತೋರಿಸದೆ, ಏನೂ ಗೊತ್ತಿಲ್ಲದವನಂತೆ ಹೊರಗೆ ಬಂದು ಕೂಗಿದ: "ಅಮ್ಮಾ, ಬಾ ಇಲ್ಲಿ. ನಮ್ ಕೈಲಾಗ್ತಿಲ್ಲ. ರಾಗಿ ಬೀಸ್ದಂಗೆ ನೀನೇ ಒಂದ್ಸಲ ತಿರುಗ್ಸು."

ಅಜ್ಜಿ ಹೆದರುತ್ತಲೇ ಕೈ ಹಾಕಿದಳು. ಕ್ರ್ಯಾಂಕ್ ಮೆಲ್ಲಗೆ ಸುತ್ತಿತು.

"ಹಗೂರಾಗೈತಲ್ಲೋ!"

ಇದೆಲ್ಲ ಹೀಗೇ ನಡೆಯಿತೆ? ನೆನಪನ್ನು ಹೊರತೆಗೆದಾಗಲೆಲ್ಲ ನಾವು ಅದನ್ನು ಹೊಸದಾಗಿ ಜೋಡಿಸುತ್ತೇವೆಂದು ಯೂನಿವರ್ಸಿಟಿಯಲ್ಲಿ ಓದಿದವನು ನಾನು. ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. "ಅಜ್ಜಿ ಕೊಟ್ಟಿಗೇಗೆ ಹೋಗಿದ್ದು ನಾನ್ ನೋಡಿಲ್ಲಪ್ಪ, ನೀನೇ ಕಟ್ಟಿದ ಕತೆ ಇರ್ಬೇಕು" ಎಂದಳು. ಕೈಗೆ ಎಣ್ಣೆ ಅಂಟಿದರೆ ತಲೆಗೆ ಸವರಿಕೊಳ್ಳುವುದು ಅಜ್ಜಿಯ ಅಭ್ಯಾಸವಾಗಿತ್ತಲ್ಲ ಎಂದೆ. ಅಕ್ಕನಿಗೆ ಥಟ್ಟನೆ ನೆನಪಾಯಿತು. "ಹೌದು ಕಣೋ. ಆ ಹಬ್ಬದಲ್ಲಿ ಅಜ್ಜಿ ತಲೆ ಇಂಜಿನ್ ಆಯಿಲ್ ವಾಸ್ನೆ ಹೊಡೀತಿತ್ತು. ಯಾಕೆ ಅಂತ ಇವತ್ತಿನವರೆಗೂ ಗೊತ್ತಿರ್ಲಿಲ್ಲ."

ಅಪ್ಪ ಬೊಂಬಾಯಿಗೆ ಹೋಗಲಿಲ್ಲ. ಸಂಜೆ ತಿರುವಿನಲ್ಲಿ ಆ ಇಂಜಿನ್ನಿನ ಸದ್ದು ಕೇಳಿದೊಡನೆ ಅಜ್ಜಿ ಎದ್ದು ಮುದ್ದೆಗೆ ಎಸರಿಡುತ್ತಿದ್ದಳು. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು.