ರೊಪ್ಪದೊಳಗೆ ಹೋದ ನಮ್ಮ ಸರ್

ನಮ್ಮ ಸರ್ ಅವರ ಎಡಹುಬ್ಬು ನಡುವೆ ಮುರಿದಿತ್ತು. ಚಿಕ್ಕಂದಿನಲ್ಲಿ ಹೋರಿಯೊಂದರ ಕೊಂಬು ತಾಗಿ ಆದ ಗಾಯವಂತೆ. ಕೂದಲಿಲ್ಲದ ಆ ಸಂದಿನಲ್ಲಿ ಸೀಮೆಸುಣ್ಣದ ಪುಡಿ ಕೂತಿರುತ್ತಿತ್ತು. ಸಿಟ್ಟು ಬಂದರೆ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇಳುತ್ತಿತ್ತು. ಅದು ಎದ್ದಿತೆಂದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದೆವು.

ಚಳ್ಳಕೆರೆಯ ಕಾಲೇಜೊಂದರಲ್ಲಿ ಅವರು ಕಂಪ್ಯೂಟರ್ ಸೈನ್ಸ್‌ನ ಅತಿಥಿ ಉಪನ್ಯಾಸಕರು. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಲ್ಯಾಬಿನಲ್ಲಿ ಕರೆಂಟು ಹೋದರೆ ಅವರು ಪಾಠ ನಿಲ್ಲಿಸುತ್ತಿರಲಿಲ್ಲ. ನಮ್ಮನ್ನೇ ಸಾಲಾಗಿ ನಿಲ್ಲಿಸಿ, ಎತ್ತರದ ಪ್ರಕಾರ ಅದಲುಬದಲು ಮಾಡಿಸಿ, ಪ್ರೋಗ್ರಾಂ ಹೇಗೆ ಓಡುತ್ತದೆಂದು ತೋರಿಸುತ್ತಿದ್ದರು. ಯಾವನಾದರೂ ತಪ್ಪು ಜಾಗಕ್ಕೆ ಹೋಗಿ ನಿಂತರೆ, "ಲೇ, ಅಲ್ಲಾಡಬ್ಯಾಡ, ಅಲ್ಲೇ ನಿಂತಿರು. ಇವತ್ತಿನ ಪಾಠ ನೀನೇ" ಎನ್ನುತ್ತಿದ್ದರು. ಬಹಳ ಬೈಯುತ್ತಿದ್ದರು. ಬೈಸಿಕೊಂಡವರಿಗೆ ಗೇಟಿನ ಎದುರು ಟೀ ಕುಡಿಸದೆ ಬಸ್ಸು ಹತ್ತಿಸುತ್ತಿರಲಿಲ್ಲ.

ದಾವಣಗೆರೆಯಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ನನಗೆ ಪಿಎಚ್.ಡಿ. ಮಾಡುವ ಆಸೆ ಹುಟ್ಟಿತು. ಯಾವ ಸಂಸ್ಥೆಯ ಅರ್ಜಿ ತೆರೆದರೂ ಅದೇ ಪ್ರಶ್ನೆ: ನಿಮ್ಮ ಸಂಶೋಧನಾ ಅನುಭವವೇನು? ನನ್ನ ಹತ್ತಿರ ಅಂಕಗಳಿದ್ದವು, ಅನುಭವ ಇರಲಿಲ್ಲ. ಪರಿಚಯದವರೊಬ್ಬರು ತಮ್ಮ ಪ್ರಬಂಧದಲ್ಲಿ ನನ್ನ ಹೆಸರನ್ನೂ ಸೇರಿಸುತ್ತೇನೆಂದರು. ಕೇಳೋಣವೆಂದು ಸರ್ ಹತ್ತಿರ ಹೋದೆ.

"ಸೇರಿಸ್ಕೋ ತಾಯಿ. ಸಂದರ್ಶನದಾಗೆ ಎರಡನೇ ಪುಟದಲ್ಲಿ ಏನೈತೆ ಅಂತ ಕೇಳ್ತಾರೆ. ಆಗ ಏನಂತೀಯ? ಮೊದಲ್ನೇ ಪುಟದಾಗೆ ನನ್ ಹೆಸರೈತೆ ಅಂತೀಯಾ?"

"ಮತ್ತೇನು ಮಾಡ್ಲಿ ಸರ್? ನಾನು ಯಾವ ಸಂಶೋಧನೇನೂ ಮಾಡಿಲ್ಲ."

"ಮಾಡು. ಯಾರು ಬ್ಯಾಡ ಅಂದ್ರು?"

ಅವರ ಊರು ನನ್ನಿವಾಳದ ಆಚೆ. ಅಲ್ಲಿ ಅವರ ಮನೆತನದವರು ದೇವರಿಗೆ ಬಿಟ್ಟ ದನಗಳನ್ನು ತಲೆಮಾರುಗಳಿಂದ ಕಾಯುತ್ತಾರೆ. ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಆಗ ಅವರ ದೊಡ್ಡಪ್ಪ ಕಿಲಾರಿ. ಬಯಲಿನ ನಡುವೆ ಮುಳ್ಳುಕಂಟಿ ಸುತ್ತಿದ ರೊಪ್ಪದಲ್ಲಿ ರಾತ್ರಿ ದನ ಕೂಡಿಹಾಕುತ್ತಾರೆ. ಫೋಟೋ ನೋಡಿ ಇದು ಯಾವ ಹಸುವೆಂದು ಗುರುತಿಸುವ ಪ್ರೋಗ್ರಾಂ ಬರೆಯಲು ಸರ್ ಹೇಳಿದರು. ಬೇಸಿಗೆಯ ರಜೆಯಲ್ಲಿ ಅವರ ಬೈಕಿನ ಹಿಂದೆ ಕೂತು ಹೋಗಿ ಬೆಳಿಗ್ಗೆ, ಸಂಜೆ ಫೋಟೋ ತೆಗೆದೆ. ಫಲಿತಾಂಶ ಚೆನ್ನಾಗಿ ಬಂತೆಂದು ಹಿಗ್ಗಿ ತೋರಿಸಿದೆ. ಅವರು ತುಸು ಹೊತ್ತು ನೋಡಿದರು.

"ಸಂಜೆ ಫೋಟೋಗಳು ಎಲ್ಲಿ ಹೋದ್ವು?"

"ಅವು ತಪ್ಪು ತಪ್ಪು ಬರ್ತಿದ್ವು ಸರ್. ತೆಗೆದುಬಿಟ್ಟೆ."

ಹುಬ್ಬಿನ ತುಂಡು ಎದ್ದಿತು. "ನಿನ್ ಸಂಶೋಧನೇನೇ ತೆಗೆದು ತಿಪ್ಪೆಗೆ ಎಸ್ದಿದೀಯಲ್ಲ! ಬೆಳಿಗ್ಗೆ ಗುರುತು ಸಿಕ್ಕಿದ ಹಸು, ಮೈಯೆಲ್ಲ ಧೂಳು ಮೆತ್ಕೊಂಡು ಸಂಜೆ ಬಂದ್ರೆ ಯಾಕೆ ಸಿಗವಲ್ದು? ಆ ತಪ್ಪೇ ನಿನ್ ಅರ್ಜಿ. ಹೋಗು, ಎಲ್ಲಾ ವಾಪಸ್ ಹಾಕು."

ಹಾಕಿದೆ. ಮತ್ತೆ ಮತ್ತೆ ಫೋಟೋ ತೆಗೆದೆವು. ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಅದಾದ ಮೇಲಿನ ಒಂದು ಮಧ್ಯಾಹ್ನವನ್ನು ಎಷ್ಟು ಸಲ ನೆನೆದರೂ ಅದು ನನ್ನಲ್ಲಿ ಮುಗಿಯುವುದಿಲ್ಲ. ಯಾರೋ ಕಸಕ್ಕೆ ಬೆಂಕಿ ಹಚ್ಚಿದರೆ ಇವತ್ತಿಗೂ ನಾನು ಗಾಳಿ ಯಾವ ಕಡೆಗಿದೆಯೆಂದು ನೋಡುತ್ತೇನೆ. ಅಂದು ಗಾಳಿ ದನ ಮೇಯುವ ಕಾವಲಿನ ಕಡೆಯಿಂದ ಬೀಸುತ್ತಿತ್ತು. ಒಣಹುಲ್ಲಿನಲ್ಲಿ ಹೊಗೆ ಎದ್ದದ್ದನ್ನು ನಾನೇ ಮೊದಲು ಕಂಡೆ. ದೊಡ್ಡಪ್ಪ ದನ ಹೊಡೆದುಕೊಂಡು ದೂರ ಹೋಗಿದ್ದರು. ರೊಪ್ಪದಲ್ಲಿ ಕರುಗಳೂ ಹೊಸದಾಗಿ ಈದ ಹಸುಗಳೂ ಇದ್ದವು. ನಾವು ಹುಣಸೆಮರದ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಸರ್ ಅದನ್ನು ಚೀಲಕ್ಕೆ ತುರುಕಿ ನನ್ನ ಹೆಗಲಿಗೆ ಹಾಕಿದರು.

"ರಸ್ತೆ ಕಡೆ ಓಡು. ನಿಲ್ಲಬ್ಯಾಡ."

ನಾನು ಓಡಿದೆ. ತಿರುಗಿಯೂ ನೋಡಿದೆ. ಅವರು ರೊಪ್ಪದ ಬಾಗಿಲಿಗೆ ಹೋದರು. ಹೋದವರು ಚಪ್ಪಲಿ ಬಿಟ್ಟರು. ದೇವರ ದನದ ರೊಪ್ಪಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹಿಂದಿನ ಬೇಲಿಗೆ ಬೆಂಕಿ ತಾಗಿ ಕಂಟಿ ಚಟಪಟ ಸಿಡಿಯುತ್ತಿತ್ತು. ಅವರು ಚಪ್ಪಲಿ ಬಿಟ್ಟು, ಬಾಗಿಲಿನ ಮುಳ್ಳನ್ನು ಎಳೆದುಹಾಕಿ ಒಳಗೆ ಹೋದರು. ಅದು ನನಗೂ ಆಗ ವಿಚಿತ್ರವೆನಿಸಲಿಲ್ಲ. ನಾನೂ ಈ ಸೀಮೆಯವಳೇ.

ಹಸುಗಳು ಹೊರಬಂದವು, ಕರುಗಳು ಬಂದವು. ಒಂದು ಹಸು ಮಾತ್ರ ಬಾಗಿಲವರೆಗೆ ಬಂದು ಅಂಬಾ ಎಂದು ಹಿಂದಕ್ಕೆ ತಿರುಗಿತು. ಅದರ ಕರು ಇನ್ನೂ ಒಳಗಿತ್ತು. ಸರ್ ಮತ್ತೆ ಹೋದರು. ಅಷ್ಟರಲ್ಲಿ ನೆಲದ ಒಣಸಗಣಿಯೇ ಹತ್ತಿಕೊಂಡಿತ್ತು. ಹೊಗೆಯಲ್ಲಿ ಅವರು ಕಾಣಲಿಲ್ಲ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೊನೆಗೆ ಕರುವನ್ನು ಎದೆಗೆ ಅವುಚಿಕೊಂಡು ಬಂದರು, ಅದನ್ನು ಕೆಳಗಿಟ್ಟರು, ಕೂತರು. ಮತ್ತೆ ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಪಾದಗಳನ್ನು ನೋಡಿ, "ಚಪ್ಪಲಿ ಹಾಕಿರ್ಲಿಲ್ವಾ?" ಎಂದರು.

ದೊಡ್ಡಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ದೇವರ ರೊಪ್ಪದಾಗೆ ಯಾರು ಹಾಕ್ತಾರೆ ಸಾಮಿ?" ಎಂದರು.

ಕಾಲಿನ ಸುಟ್ಟಗಾಯಕ್ಕಿಂತ ಎದೆಗಿಳಿದ ಹೊಗೆ ಕೆಟ್ಟದ್ದೆಂದು ಆಮೇಲೆ ತಿಳಿಯಿತು. ಅವರನ್ನು ದಾವಣಗೆರೆಗೆ ಸಾಗಿಸಿದರು. ನಾನು ನೋಡಲು ಹೋದಾಗ ಉಸಿರು ಎಳೆದೆಳೆದು ಮೊದಲು ಕೇಳಿದ್ದು ಒಂದೇ ಮಾತು.

"ಹಾಕಿದ್ಯಾ?"

ಅರ್ಜಿ ಹಾಕಿರಲಿಲ್ಲ. ಆ ಚೀಲ ಬಿಚ್ಚಿದರೆ ಹೊಗೆಯ ವಾಸನೆ ಬರುತ್ತಿತ್ತು. ಹಸುಗಳ ಫೋಟೋಗಳನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಇನ್ನೆರಡು ದಿನಕ್ಕೆ ಅವಧಿ ಮುಗಿಯುತ್ತಿತ್ತು, ಮುಗಿದು ಹೋಗಲಿ ಎಂದುಕೊಂಡಿದ್ದೆ. ತಲೆ ತಗ್ಗಿಸಿದೆ.

"ಕರುಗಳೇ ಹೊರಗೆ ಬಂದ್ವು. ನೀನ್ಯಾಕೆ ಎಮ್ಮೆ ಹಂಗೆ ನಿಂತಿದೀಯ?"

ನರ್ಸು ಮಾತಾಡಬೇಡಿ ಎಂದರು. ಸರ್ ನನ್ನ ಕಡೆ ನೋಡಿ ಕೈಬೆರಳನ್ನು ಬಾಗಿಲಿನತ್ತ ತೋರಿಸಿದರು, ಹೋಗು ಎನ್ನುವಂತೆ. ನಾನು ಹೋದೆ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತು, ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅಳುತ್ತಲೇ, ಸಂಜೆಯ ತಪ್ಪುಗಳನ್ನೆಲ್ಲ ಬರೆದು ಅರ್ಜಿ ಕಳಿಸಿದೆ. ಅದನ್ನು ಅವರಿಗೆ ಹೇಳಲು ಆಗಲಿಲ್ಲ. ಅಷ್ಟರಲ್ಲಿ ಅವರಿಗೆ ಮೂಗು ಬಾಯಿಗೆ ನಳಿಕೆ ಹಾಕಿದ್ದರು. ಮತ್ತೆ ಎಚ್ಚರಾಗಲಿಲ್ಲ.

ಸಂದರ್ಶನದಲ್ಲಿ ಪ್ರಾಧ್ಯಾಪಕಿಯೊಬ್ಬರು ಕೇಳಿದರು. ನಿಮಗೆ ಸಂಶೋಧನೆಯ ಅನುಭವವಿಲ್ಲ, ಆದರೂ ಈ ಕೆಲಸ ಪ್ರಾಮಾಣಿಕವಾಗಿದೆ. ಫೋಟೋಗಳು ಬೇಸಿಗೆಯ ನಡುವೆಯೇ ನಿಂತಿವೆಯಲ್ಲ, ಏಕೆ? ಇಂಗ್ಲಿಷಿನಲ್ಲಿ ಸಿದ್ಧ ಮಾಡಿಕೊಂಡು ಹೋದ ಒಂದು ವಾಕ್ಯವೂ ಬರಲಿಲ್ಲ. "ಬೆಂಕಿ ಬಿತ್ತು ಮೇಡಂ" ಎಂದೆ, ಕನ್ನಡದಲ್ಲೇ. ಅವರು ಉಳಿದವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ನೀರು ಕೊಟ್ಟು, ನಿಧಾನವಾಗಿ ಹೇಳಿ ಎಂದರು. ಎಲ್ಲ ಹೇಳಿದೆ.

ಸೀಟು ಸಿಕ್ಕಿತೆಂದು ತಿಳಿದಾಗ ನನ್ನ ಕೈ ತಾನಾಗಿ ಸರ್ ನಂಬರನ್ನೇ ಒತ್ತಿತು. ಅವರ ಅವ್ವ ಎತ್ತಿದರು. ಮಗನ ಫೋನನ್ನು ಈಗ ಅವರೇ ಇಟ್ಟುಕೊಂಡಿದ್ದಾರೆ.

"ಓದಾಕೆ ಜಾಗ ಸಿಕ್ತು ಅವ್ವಾ."

"ಇನ್ನೂ ಓದ್ತೀಯಾ? ಓದಿ ಏನ್ ಆಗ್ತೀಯ?"

"ನಮ್ಮ ಸರ್ ಥರ ಪಾಠ ಹೇಳ್ತೀನಿ."

ಆ ಕಡೆ ಕರುವೊಂದರ ಕೊರಳ ಗಂಟೆ ಕೇಳಿಸಿತು.

"ಹೇಳವ್ವಾ. ಆದ್ರೆ ಅವನಂಗೆ ಮಕ್ಳನ್ನ ಬೈಬ್ಯಾಡ."

"ಬೈತೀನಿ ಅವ್ವಾ" ಎಂದೆ.